ಪುಟ್ಟ ಕೂಸಿನೊಂದಿಗೆ ಹಡಗು ಯಾನ: ಊಟ ಮತ್ತು ಆರೈಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳನ್ನು ನಾವು ಎರಡು ಸಲ ಹಡಗಿನಲ್ಲಿ ಕರೆದೊಯ್ದಿದ್ದೇವೆ. ಎರಡೂ ಸಲ ಹೊರಟದ್ದು ಸಿಂಗಪುರದಿಂದ. ಮೊದಲ ಯಾನದಲ್ಲಿ ಅವಳಿಗೆ 1 ವರ್ಷ 8 ತಿಂಗಳಾಗಿತ್ತು, ಎರಡನೆಯದರಲ್ಲಿ 3 ವರ್ಷ ತುಂಬಿ ಎರಡು ತಿಂಗಳು ಕಳೆದಿತ್ತು. ಅಂದಿನಿಂದ ಬೆಳಗಾವಿಯ ನಮ್ಮ ಓಣಿಯವರಿಂದ ಹಿಡಿದು ವಿಜಯಪುರ, ಬಾಗಲಕೋಟೆಯ ಬೀಗರು ಬಿಜ್ಜರವರೆಗೆ ಹಡಗಿನ ಸುದ್ದಿ ತೆಗೆದವರೆಲ್ಲ ಕೇಳುವುದು ಕೊನೆಗೆ ಎರಡೇ ಮಾತು: "ಕೂಸು ಏನ್ ಉಣ್ತದ, ಯಾರ್ ನೋಡ್ಕೋತಾರ?" ಅವರಿಗೆ ಬಾಯಿಮಾತಿನಲ್ಲಿ ಹೇಳಿದ ಉತ್ತರಗಳನ್ನೇ ಇಲ್ಲಿ ಸರಿಪಡಿಸಿ ಬರೆದಿದ್ದೇನೆ. ಹಡಗು ಕಂಪನಿಗಳು ನಿಯಮಗಳನ್ನು ಆಗಾಗ ಬದಲಿಸುತ್ತವೆಯಾದ್ದರಿಂದ, ಹಣ ಕಟ್ಟುವ ಮೊದಲು ವಯಸ್ಸಿಗೆ ಸಂಬಂಧಿಸಿದ ನಿಯಮಗಳನ್ನು ಆಯಾ ಕಂಪನಿಯಿಂದಲೇ ಬರಹದಲ್ಲಿ ಪಡೆದುಕೊಳ್ಳಿ.

ಎಷ್ಟು ತಿಂಗಳ ಮಗುವನ್ನು ಹಡಗು ಹತ್ತಿಸಬಹುದು?

ಬಹುತೇಕ ಕಂಪನಿಗಳಲ್ಲಿ, ಹೊರಡುವ ದಿನಕ್ಕೆ ಮಗುವಿಗೆ 6 ತಿಂಗಳು ತುಂಬಿರಬೇಕು. ಮಹಾಸಾಗರ ದಾಟುವ ದೀರ್ಘ ಯಾನಗಳಿಗೆ, ಅಂದರೆ ದಡವನ್ನೇ ಕಾಣದೆ ಹಲವು ದಿನ ಸಾಗುವ ಪ್ರಯಾಣಗಳಿಗೆ, ರಾಯಲ್ ಕೆರಿಬಿಯನ್‌ನಂಥ ಕಂಪನಿಗಳು 12 ತಿಂಗಳು ತುಂಬಿರಬೇಕೆನ್ನುತ್ತವೆ. ಆದರೆ ಹತ್ತಿಸಲು ಅನುಮತಿಯಿರುವುದು ಬೇರೆ, ಅನುಕೂಲವಾಗುವುದು ಬೇರೆ. ಎದೆಹಾಲು ಕುಡಿಯುವ ಎಂಟು ತಿಂಗಳ ಕೂಸಿನ ಊಟದ ಚಿಂತೆ ಅಷ್ಟಕ್ಕಷ್ಟೇ. ಮೂರು ದಾಟಿದ ಮಗುವಿಗೆ ಹಡಗಿನಲ್ಲಿ ಎಲ್ಲ ಬಾಗಿಲೂ ತೆರೆದಿರುತ್ತವೆ. ನಡುವಿನ ಒಂದರಿಂದ ಎರಡೂವರೆ ವರ್ಷದ ಅವಧಿಯೇ ಕಠಿಣ, ಏಕೆಂದರೆ ಆ ಮಗುವಿಗೆ ಓಡಲು ಬರುತ್ತದೆ, ಬೇಡವೆನ್ನಲು ಬರುತ್ತದೆ, ಆದರೆ ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಬಹಳಷ್ಟು ಹಡಗುಗಳಲ್ಲಿ ಇರುವುದಿಲ್ಲ.

ಹಡಗಿನಲ್ಲಿ ಮಕ್ಕಳ ಕ್ಲಬ್ ಇರುತ್ತದಂತೆ. ಎರಡು ವರ್ಷದ ಮಗುವನ್ನು ಅಲ್ಲಿ ಬಿಟ್ಟು ಬರಬಹುದೇ?

ಈ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳದೆ ನಾವು ಮೊದಲ ಸಲ ಪೆಟ್ಟು ತಿಂದೆವು. ಟಿಕೆಟ್ ಮಾಡಿಕೊಟ್ಟ ಏಜೆಂಟರು "ಕಿಡ್ಸ್ ಕ್ಲಬ್ ಐತಿ, ಪುಕ್ಕಟೆ ಐತಿ, ನಿಶ್ಚಿಂತಿಯಿಂದ ಹೋಗ್ರಿ" ಎಂದಿದ್ದರು. ಅವರ ಮೂರೂ ಮಾತು ನಿಜವೇ ಆಗಿತ್ತು, ಆದರೆ ಆ ಕ್ಲಬ್ಬು ಮೂರು ವರ್ಷ ತುಂಬಿದವರಿಗೆ ಮಾತ್ರ ಎಂಬ ನಾಲ್ಕನೆಯ ಮಾತನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಣ್ಣಬಣ್ಣದ ಬಾಗಿಲಿನ ಮುಂದೆ ನಿಂತು ಒಳಗಿನ ಜಾರುಬಂಡಿ ನೋಡಿ ಕುಣಿಯುತ್ತಿದ್ದ ಮಗಳನ್ನು ಎತ್ತಿಕೊಂಡು ಮರಳಿದ್ದು ಇನ್ನೂ ನೆನಪಿದೆ.

ಕಂಪನಿಯಿಂದ ಕಂಪನಿಗೆ ಪದ್ಧತಿ ಬೇರೆಬೇರೆ. ರಾಯಲ್ ಕೆರಿಬಿಯನ್‌ನ ಉಚಿತ ಕ್ಲಬ್ ಅಡ್ವೆಂಚರ್ ಓಷನ್ 3 ವರ್ಷದಿಂದ ಆರಂಭವಾಗುತ್ತದೆ. 6ರಿಂದ 36 ತಿಂಗಳಿನವರಿಗೆ ಅದರ ಹಲವು ಹಡಗುಗಳಲ್ಲಿ ನರ್ಸರಿ ಇದೆಯಾದರೂ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕು. ಡಿಸ್ನಿ ಹಡಗುಗಳಲ್ಲಿಯೂ 6 ತಿಂಗಳಿಂದ 3 ವರ್ಷದೊಳಗಿನವರಿಗೆ ಇದೇ ರೀತಿ ಹಣ ಪಡೆದು ನೋಡಿಕೊಳ್ಳುವ ನರ್ಸರಿಗಳಿವೆ. ಎಂಎಸ್‌ಸಿ ಕಂಪನಿಯು ಮಕ್ಕಳ ಸಾಮಾನು ತಯಾರಿಸುವ ಚಿಕ್ಕೋ ಸಂಸ್ಥೆಯೊಡನೆ ಸೇರಿ 3 ವರ್ಷದೊಳಗಿನವರಿಗೆ ಬೇಬಿ ಕ್ಲಬ್ ನಡೆಸುತ್ತದೆ. ನಾರ್ವೇಜಿಯನ್ ಕಂಪನಿಯ ಗಪ್ಪೀಸ್ ಎಂಬ ಕಾರ್ಯಕ್ರಮವೂ ಇದೇ ವಯಸ್ಸಿನವರಿಗೆ ಮೀಸಲಾದದ್ದು, ಆದರೆ ಅಲ್ಲಿ ತಂದೆ ಅಥವಾ ತಾಯಿ ಮಗುವಿನ ಜೊತೆಗೇ ಕುಳಿತಿರಬೇಕು. ಅದು ಆಟದ ಜಾಗವೇ ಹೊರತು ಬಿಟ್ಟುಹೋಗುವ ಜಾಗವಲ್ಲ. 2 ವರ್ಷ ತುಂಬಿದ ಮಗುವನ್ನು ಸಾಮಾನ್ಯ ಕ್ಲಬ್ಬಿಗೆ ಸೇರಿಸಿಕೊಂಡು, ನಾವು ಕೊಟ್ಟ ಡೈಪರನ್ನು ಬದಲಿಸಿಯೂ ಕೊಡುವ ದೊಡ್ಡ ಕಂಪನಿಯೆಂದರೆ ಕಾರ್ನಿವಲ್. ಆದರೆ ಅದರ ಹಡಗುಗಳು ಬಹುಪಾಲು ಅಮೆರಿಕದ ಬಂದರುಗಳಿಂದ ಹೊರಡುವುದರಿಂದ ನಮ್ಮ ಕಡೆಯವರಿಗೆ ಅದರ ಉಪಯೋಗ ಕಡಿಮೆ.

ಹಣ ಕೊಡುವ ನರ್ಸರಿಗಳಲ್ಲಿ ಜಾಗ ಬಹಳ ಕಡಿಮೆ ಇರುತ್ತದೆ. ಹಡಗು ಹತ್ತಿದ ಮೊದಲ ಮಧ್ಯಾಹ್ನವೇ ಸಂಜೆಯ ಗಂಟೆಗಳು ತುಂಬಿಹೋಗುವುದುಂಟು. ಮುಂಚಿತವಾಗಿ ಕಾಯ್ದಿರಿಸಲು ಅವಕಾಶವಿದ್ದರೆ ಮನೆಯಲ್ಲಿದ್ದಾಗಲೇ ಕಾಯ್ದಿರಿಸಿ. ಇಲ್ಲವಾದರೆ ಬುಫೆಗೆ ಓಡುವ ಮೊದಲು ನರ್ಸರಿಗೆ ಹೋಗಿ.

"ಬಹುಮಟ್ಟಿಗೆ ಡೈಪರ್ ಬಿಟ್ಟಿದ್ದಾಳೆ" ಎಂದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಮೂರು ವರ್ಷದ ಕ್ಲಬ್ಬುಗಳಲ್ಲಿ ವಯಸ್ಸಿನ ಜೊತೆಗೆ ಇದೂ ಒಂದು ಕಡ್ಡಾಯ ನಿಯಮ. ಚಡ್ಡಿಯಂತೆ ಏರಿಸುವ ಡೈಪರನ್ನೂ ಡೈಪರೆಂದೇ ಎಣಿಸುತ್ತಾರೆ. ಒಂದೆರಡು ಸಲ ಚಡ್ಡಿ ಒದ್ದೆಯಾದರೆ ನಿಮಗೆ ಫೋನ್ ಮಾಡಿ ಮಗುವನ್ನು ಕರೆದುಕೊಂಡು ಹೋಗಲು ಹೇಳುತ್ತಾರೆ. ಯಾನಕ್ಕಾಗಿಯೇ ಅವಸರದಿಂದ ಅಭ್ಯಾಸ ಮಾಡಿಸಲು ಹೋಗಬೇಡಿ. ಹೊಸ ಜಾಗದಲ್ಲಿ, ಭರ್ರೆಂದು ಸದ್ದು ಮಾಡುತ್ತ ನೀರೆಳೆದುಕೊಳ್ಳುವ ಹಡಗಿನ ಕಮೋಡಿಗೆ ಹೆದರಿ, ಮನೆಯಲ್ಲಿ ಚೆನ್ನಾಗಿ ಕಲಿತ ಮಕ್ಕಳೂ ಕಲಿತದ್ದನ್ನು ಮರೆಯುತ್ತಾರೆ.

ಕ್ಲಬ್ಬಿನ ಸಿಬ್ಬಂದಿಗೆ ಕನ್ನಡ ಬರುವುದಿಲ್ಲ. ನಮ್ಮ ಮಗುವಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಏನು ಮಾಡಬೇಕು?

ಎರಡನೆಯ ಯಾನದಲ್ಲಿ ನಾವು ಒಂದು ರಟ್ಟಿನ ಚೀಟಿ ಮಾಡಿಕೊಟ್ಟೆವು. ಅದರಲ್ಲಿ "ನೀರು", "ಹಾಲು", "ಮಮ್ಮು", "ಸೂಸೂ", "ಜೋಜೋ", "ಬ್ಯಾಡ" ಎಂಬ ಆರು ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎದುರಿಗೆ ಅರ್ಥ ಬರೆದಿದ್ದೆವು. ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳು ಅದನ್ನು ಓದಿ "ಬ್ಯಾಡಾ?" ಎಂದು ರಾಗ ಎಳೆದು ಕೇಳಿದಾಗ ನಮ್ಮ ಮಗಳು ಬಿದ್ದು ಬಿದ್ದು ನಕ್ಕಳು, ಅವರಿಬ್ಬರ ಸ್ನೇಹ ಅಲ್ಲಿಂದಲೇ ಶುರುವಾಯಿತು. ಮಗುವಿಗೆ ಯಾವುದಾದರೂ ಆಹಾರ ಒಗ್ಗದಿದ್ದರೆ ಅದನ್ನು ಈ ಚೀಟಿಯಲ್ಲಲ್ಲ, ನೋಂದಣಿ ಪತ್ರದಲ್ಲಿಯೇ ಬರೆಯಿಸಬೇಕು. ಕ್ಲಬ್ಬಿನಲ್ಲಿ ಊಟ ಮಾಡಿಸುವ ಪದ್ಧತಿ ಎಲ್ಲೆಡೆ ಇರುವುದಿಲ್ಲ, ಸಿಬ್ಬಂದಿ ಸಾಮಾನ್ಯವಾಗಿ ಔಷಧಿಯನ್ನೂ ಕೊಡುವುದಿಲ್ಲ. ಆದ್ದರಿಂದ ಊಟದ ಹೊತ್ತು ಮತ್ತು ಔಷಧಿಯ ಹೊತ್ತು ನಿಮ್ಮ ಕೈಯಲ್ಲೇ ಇರಲಿ. ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆಂದು ಮೊದಲೇ ಹೆಸರು ಕೊಡಬೇಕಾಗುತ್ತದೆ. ಅಜ್ಜನ ಹೆಸರು ಬರೆಯಿಸದಿದ್ದರೆ ಅಜ್ಜನ ಕೈಗೂ ಕೊಡುವುದಿಲ್ಲ, ಹಾಗೆ ಕೊಡದಿರುವುದೇ ಸರಿ.

ಅಜ್ಜ ಅಜ್ಜಿಯನ್ನು ಜೊತೆಗೆ ಕರೆದೊಯ್ದರೆ ಈ ತೊಂದರೆಯೇ ಇರುವುದಿಲ್ಲವಲ್ಲ?

ಅರ್ಧ ತೊಂದರೆ ಇರುವುದಿಲ್ಲ. ನಮ್ಮ ಅತ್ತೆಯವರು ಮೊದಲ ಯಾನದಲ್ಲಿ ಬಂದಿದ್ದರಿಂದಲೇ ನಾವಿಬ್ಬರೂ ಒಂದು ಸಂಜೆಯಾದರೂ ನಾಟಕಶಾಲೆಗೆ ಹೋಗಲು ಸಾಧ್ಯವಾಯಿತು. ಆದರೆ ಅವರೂ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುತ್ತ ಕುಳಿತುಕೊಳ್ಳಲು ಬಂದವರು ಎಂಬುದನ್ನು ಮರೆತು, ಎರಡು ದಿನ ಅವರನ್ನು ಕೋಣೆಯಲ್ಲಿ ತೊಟ್ಟಿಲು ಕಾಯಲು ಕೂಡಿಸಿದ್ದು ನಮ್ಮ ತಪ್ಪು. ಹೊರಡುವ ಮೊದಲೇ ಯಾವ ಸಂಜೆ ಯಾರ ಪಾಲಿಗೆ ಮಗು ಎಂದು ಮಾತಾಡಿಕೊಂಡಿರಿ. ಕೋಣೆಗಳನ್ನು ಅಕ್ಕಪಕ್ಕದಲ್ಲಿ, ಸಾಧ್ಯವಿದ್ದರೆ ನಡುವೆ ಬಾಗಿಲಿರುವಂಥವನ್ನು ಕೇಳಿ ಪಡೆಯಿರಿ; ಬೇರೆ ಬೇರೆ ಅಂತಸ್ತಿನಲ್ಲಿ ಕೋಣೆ ಸಿಕ್ಕರೆ ರಾತ್ರಿ ಹಾಲಿನ ಬಾಟಲಿ ಹಿಡಿದು ಲಿಫ್ಟಿಗೆ ಕಾಯುವ ಕೆಲಸ ಬೀಳುತ್ತದೆ.

ಮಗು ಮಲಗಿದ ಮೇಲೆ ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋಗಿ ಬರಬಹುದೇ?

ಕೂಡದು. ಹತ್ತು ನಿಮಿಷಕ್ಕೂ ಕೂಡದು. ಕೋಣೆಗೇ ಬಂದು ಮಗುವನ್ನು ನೋಡಿಕೊಳ್ಳುವ ಸೇವೆ ಈಗ ಅಪರೂಪವಾಗಿದೆ. ಅದು ಸಿಗದಿದ್ದರೆ ಒಬ್ಬರು ಕೋಣೆಯಲ್ಲಿದ್ದು ಇನ್ನೊಬ್ಬರು ಹೋಗಬೇಕು, ಇಲ್ಲವೇ ಕೋಣೆಗೇ ಊಟ ತರಿಸಿಕೊಳ್ಳಬೇಕು.

ರಾತ್ರಿಯ ಊಟಕ್ಕೆ ಮೊದಲ ಪಂಕ್ತಿ ಒಳ್ಳೆಯದೋ ಎರಡನೆಯದೋ?

ದೊಡ್ಡ ಊಟದ ಸಭಾಂಗಣದಲ್ಲಿ ಸಾಮಾನ್ಯವಾಗಿ ಎರಡು ಪಂಕ್ತಿಗಳಿರುತ್ತವೆ; ಮೊದಲನೆಯದು ಸಂಜೆ ಐದೂವರೆ ಆರರ ಹೊತ್ತಿಗೆ, ಎರಡನೆಯದು ಎಂಟರ ಹೊತ್ತಿಗೆ. ಸಣ್ಣ ಮಕ್ಕಳಿದ್ದವರು ಮೊದಲ ಪಂಕ್ತಿ ಹಿಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಮುಂಬೈಯಿಂದ ಹೊರಡುವ ಹಡಗಿನ ಮಟ್ಟಿಗೆ ಅದು ಸರಿಯಾದ ಮಾತು, ಏಕೆಂದರೆ ಅಲ್ಲಿ ಹಡಗಿನ ಗಡಿಯಾರವೂ ಮಗುವಿನ ಹೊಟ್ಟೆಯ ಗಡಿಯಾರವೂ ಒಂದೇ. ಸಿಂಗಪುರದ ಲೆಕ್ಕ ಬೇರೆ. ಅಲ್ಲಿನ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಆರು ಗಂಟೆಯ ಪಂಕ್ತಿಗೆ ನಾವು ಕುಳಿತಾಗ ಮಗಳ ಮೈಗೆ ಇನ್ನೂ ಮೂರೂವರೆ. ಅದು ಬೆಳಗಾವಿಯಲ್ಲಾದರೆ ಅವಳು ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತು. ಹಸಿವಿಲ್ಲದ, ಅರೆನಿದ್ದೆಯ ಕೂಸನ್ನು ಎತ್ತರದ ಕುರ್ಚಿಗೆ ಕಟ್ಟಿ ಕೂಡಿಸಿದರೆ ಏನಾಗುತ್ತದೆಂದು ಊಹಿಸಬಹುದು: ಮೊದಲು ಚಮಚ ನೆಲಕ್ಕೆ ಬಿತ್ತು, ಆಮೇಲೆ ಬ್ರೆಡ್ಡಿನ ಬುಟ್ಟಿ, ಕೊನೆಗೆ ಸೂಪು ಪಕ್ಕದ ಮೇಜಿನ ಹಿರಿಯರ ಬಿಳಿ ಅಂಗಿಯ ಮೇಲೆ. ಮರುದಿನ ಕೇಳಿ ಎಂಟರ ಪಂಕ್ತಿಗೆ ಬದಲಿಸಿಕೊಂಡೆವು. ಅದು ಊರಿನ ಐದೂವರೆಗೆ ಸಮ, ಮಗಳಿಗೆ ನಿಜವಾಗಿ ಹಸಿವಾಗುವ ಹೊತ್ತು. ಆದ್ದರಿಂದ ಪಂಕ್ತಿ ಆರಿಸುವ ಮೊದಲು ಊರಿನ ಗಡಿಯಾರ ನೋಡಿ.

ಯಾವ ಪಂಕ್ತಿಯಾದರೂ, ಒಂದಾದ ಮೇಲೊಂದು ಬಡಿಸುವ ಈ ಊಟಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕೂಡುವ ಎರಡು ವರ್ಷದ ಮಗುವನ್ನು ನಾನಂತೂ ಕಂಡಿಲ್ಲ. ನಾವು ಕಂಡುಕೊಂಡ ದಾರಿ ಹೀಗಿದೆ: ಸಭಾಂಗಣಕ್ಕೆ ಹೋಗುವ ಮೊದಲೇ ಬುಫೆಯಲ್ಲಿ ಮಗುವಿಗೆ ಮುಕ್ಕಾಲು ಹೊಟ್ಟೆ ಉಣ್ಣಿಸಿಬಿಡಬೇಕು, ಮೇಜಿನ ಮುಂದೆ ಅದಕ್ಕೆ ಬೇಕಾಗುವುದು ಕೈಯಲ್ಲಿ ಹಿಡಿಯುವ ಬ್ರೆಡ್ ತುಂಡು, ಹಣ್ಣು ಅಥವಾ ಐಸ್‌ಕ್ರೀಮ್ ಮಾತ್ರ. ಬಡಿಸುವವರಿಗೆ ಕುಳಿತ ತಕ್ಷಣ "ಮಗುವಿನ ತಟ್ಟೆಯನ್ನು ಮೊದಲು ತಂದುಬಿಡಿ, ನಮ್ಮದನ್ನು ಒಟ್ಟಿಗೇ ತನ್ನಿ" ಎಂದು ಹೇಳಿದರೆ ಅವರು ಬೇಸರಿಸಿಕೊಳ್ಳುವುದಿಲ್ಲ. ಬುಫೆಯ ಮಧ್ಯಾಹ್ನದ ಊಟ ಮುಗಿದು ಸಂಜೆಯದು ಶುರುವಾಗುವ ನಡುವೆ ಎರಡು ಮೂರು ಗಂಟೆ ಏನೂ ಹೆಚ್ಚು ಸಿಗದ ಹೊತ್ತೊಂದಿರುತ್ತದೆ; ಬೆಳಿಗ್ಗೆಯೇ ಎರಡು ಬಾಳೆಹಣ್ಣು ತೆಗೆದಿಟ್ಟುಕೊಂಡಿರಿ.

ನಮ್ಮ ಮಗುವಿಗೆ ತುಪ್ಪ ಅನ್ನ, ಬೇಳೆಯ ಕಟ್ಟು, ಮೊಸರನ್ನ ಬಿಟ್ಟರೆ ಬೇರೆ ಇಳಿಯುವುದಿಲ್ಲ. ಅಲ್ಲಿ ಸಿಗುತ್ತದೆಯೇ?

ಅನ್ನ, ಬೇಳೆ, ಮೊಸರು ಮೂರೂ ಏಷ್ಯಾದ ಬಂದರುಗಳಿಂದ ಹೊರಡುವ ಹಡಗುಗಳ ಬುಫೆಯಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ಮುಂಬೈಯಿಂದ 2021ರಲ್ಲಿ ಯಾನ ಆರಂಭಿಸಿದ ಕಾರ್ಡೆಲಿಯಾದಂಥ ಭಾರತೀಯ ಹಡಗಿನಲ್ಲಿ ಸಸ್ಯಾಹಾರ ಮತ್ತು ಜೈನ ಆಹಾರ ಎರಡೂ ಇರುವುದರಿಂದ ಆ ಚಿಂತೆ ಇನ್ನೂ ಕಡಿಮೆ. ವಿದೇಶಿ ಹಡಗುಗಳಲ್ಲಿ ಸಸ್ಯಾಹಾರ ಅಥವಾ ಜೈನ ಆಹಾರ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಬರೆಯಿಸಿ, ಹತ್ತಿದ ದಿನ ಊಟದ ಸಭಾಂಗಣದ ಮುಖ್ಯಸ್ಥರಿಗೆ ಇನ್ನೊಮ್ಮೆ ನೆನಪಿಸಬೇಕು.

ನಿಜವಾದ ತೊಡಕು ಖಾರದ್ದು. ಭಾರತೀಯ ಊಟದ ಕೌಂಟರಿನ ಬೇಳೆಯಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಗರಂ ಮಸಾಲೆ ಎಲ್ಲ ಸೇರಿಯೇ ಬಂದಿರುತ್ತದೆ. ಮೊದಲ ಯಾನದಲ್ಲಿ ನಮಗೆ ಬಡಿಸುತ್ತಿದ್ದವರು ಗೋವೆಯವರು. ನಮ್ಮ ಅತ್ತೆ ಬೆಳಗಾವಿಯ ರೂಢಿಯಂತೆ ಅವರೊಂದಿಗೆ ಮರಾಠಿಯಲ್ಲಿ ಮಾತಿಗಿಳಿದರು. "ಒಗ್ಗರಣಿ ಹಾಕೂಕಿಂತ ಮೊದಲು ಒಂದು ವಾಟಿ ತೆಗೆದಿಡ್ರಿ, ಉಪ್ಪು ಅರಿಶಿಣ ಅಷ್ಟ ಇರಲಿ" ಎಂಬುದು ಅವರ ಬೇಡಿಕೆಯ ಸಾರಾಂಶ. ಮರುದಿನ ರಾತ್ರಿ ನಾವು ಕೂಡುವಷ್ಟರಲ್ಲಿ ಮಗುವಿನ ಜಾಗದಲ್ಲಿ ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಹಳದಿ ಬೇಳೆ, ಪಕ್ಕದಲ್ಲಿ ಮೆತ್ತಗೆ ಬೆಂದ ಅನ್ನ, ಚಿಕ್ಕ ಬಟ್ಟಲಿನಲ್ಲಿ ಕರಗಿದ ಬೆಣ್ಣೆ ಕಾದಿದ್ದವು. ತುಪ್ಪ ಇಲ್ಲ ಎಂದು ಅವರು ಕ್ಷಮೆ ಬೇರೆ ಕೇಳಿದರು. ಒಂದೇ ಮೇಜು, ಒಬ್ಬರೇ ಬಡಿಸುವವರು ಎಂಬ ಹಳೆಯ ಪದ್ಧತಿಯ ಪಂಕ್ತಿ ಊಟದ ದೊಡ್ಡ ಲಾಭ ಇದು. ಬೇಕೆಂದಾಗ ಬಂದು ಎಲ್ಲೆಂದರಲ್ಲಿ ಕೂಡುವ ಪದ್ಧತಿಯಲ್ಲಿ ಪ್ರತಿ ರಾತ್ರಿಯೂ ಈ ಕಥೆಯನ್ನು ಹೊಸದಾಗಿ ಹೇಳಬೇಕಾಗುತ್ತದೆ. ಬೇಯಿಸಿದ ತರಕಾರಿಯನ್ನು ಅರೆದು ಕೊಡಿರೆಂದು ಕೇಳಿದರೆ ಅಡಿಗೆಮನೆಯವರು ಹೆಚ್ಚಾಗಿ ಒಪ್ಪುತ್ತಾರೆ. ಹಿಂದಿನ ದಿನವೇ ಹೇಳಿದರೆ ಇನ್ನೂ ಒಳ್ಳೆಯದು.

ಬುಫೆಯಲ್ಲಿ ಕಣ್ಣಿಗೆ ಬೀಳುವ ಇಡೀ ದ್ರಾಕ್ಷಿ, ಗೋಡಂಬಿ, ಬಾದಾಮಿ ಈ ವಯಸ್ಸಿನವರ ಗಂಟಲಿಗೆ ಅಪಾಯಕಾರಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೂಬಾರದು.

ಮನೆಯಿಂದ ರೊಟ್ಟಿ, ಹುರಿಹಿಟ್ಟು, ಕುಂದಾ, ಕರದಂಟು ಒಯ್ಯಬಹುದೇ?

ಮನೆಯಲ್ಲಿ ಮಾಡಿದ ಅಡಿಗೆಯನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ಕಟಿ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟನ್ನು ತಪಾಸಣೆಯ ಮೇಜಿನ ಮೇಲೆ ಬಿಟ್ಟು ಹತ್ತಬೇಕಾಯಿತು. ರೊಟ್ಟಿ ತಿಂಗಳಾದರೂ ಕೆಡುವುದಿಲ್ಲವೆಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಶಿಶು ಆಹಾರಕ್ಕೆ ವಿನಾಯಿತಿ ಇರುತ್ತದೆ, ಅದೂ ಕಾರ್ಖಾನೆಯಲ್ಲಿ ಮುಚ್ಚಿದ, ಒಡೆಯದ ಪೊಟ್ಟಣವಾಗಿದ್ದರೆ. ಹಾಲಿನ ಪುಡಿ, ರಾಗಿ ಅಥವಾ ಅಕ್ಕಿಯ ಸಿದ್ಧ ಪುಡಿ, ಹಣ್ಣಿನ ತಿರುಳಿನ ಪೊಟ್ಟಣ ಈ ಸಾಲಿಗೆ ಸೇರುತ್ತವೆ. ಅಜ್ಜಿ ಹುರಿದು ಬೀಸಿ ಡಬ್ಬಿಗೆ ತುಂಬಿಕೊಟ್ಟ ಹಿಟ್ಟು ಸೇರುವುದಿಲ್ಲ. ಹಡಗಿನ ಅಂಗಡಿಯಲ್ಲಿ ಶಿಶು ಆಹಾರವಾಗಲಿ ಡೈಪರಾಗಲಿ ಸಿಕ್ಕೀತೆಂಬ ಭರವಸೆ ಬೇಡ. ಎಣಿಸಿ, ಎರಡು ದಿನಕ್ಕೆ ಹೆಚ್ಚಾಗುವಷ್ಟು ಒಯ್ಯಿರಿ. ಹಡಗಿನ ಹಣ್ಣು ಮತ್ತು ಅಡಿಗೆಯನ್ನು ಬಂದರಿನಲ್ಲಿ ಇಳಿಯುವಾಗ ದಡಕ್ಕೆ ಒಯ್ಯುವುದನ್ನೂ ಹಲವು ದೇಶಗಳು ನಿಷೇಧಿಸಿವೆ.

ಬಿಸಿನೀರು, ಹಾಲು, ಬಾಟಲಿ ತೊಳೆಯುವ ವ್ಯವಸ್ಥೆ ಹೇಗೆ?

ಬೆಂಕಿಯ ಭಯದಿಂದಾಗಿ ಪ್ರಯಾಣಿಕರು ತಂದ ವಿದ್ಯುತ್ ಕೆಟಲ್, ನೀರು ಕಾಯಿಸುವ ಕಾಯ್ಲ್, ಇಂಡಕ್ಷನ್ ಒಲೆಗಳನ್ನು ಹಡಗಿನವರು ಕಿತ್ತಿಟ್ಟುಕೊಂಡು ಕೊನೆಯ ದಿನ ಮರಳಿಸುತ್ತಾರೆ. ಒಂದು ಒಳ್ಳೆಯ ಥರ್ಮಾಸ್ ಇದ್ದರೆ ಸಾಕು. ಮಲಗುವ ಮೊದಲು ಬುಫೆಯ ಚಹದ ಕಟ್ಟೆಯಲ್ಲಿ ಕುದಿಬಿಸಿನೀರು ತುಂಬಿಸಿಟ್ಟುಕೊಂಡರೆ ನಡುರಾತ್ರಿಯ ಹಾಲಿಗೂ ಬೆಳಗಿನ ರಾಗಿ ಗಂಜಿಗೂ ಆಗುತ್ತದೆ. ಬಾಟಲಿಗಳಿಗೆ ತಣ್ಣೀರಿನಲ್ಲಿ ಕರಗಿಸುವ ಕ್ರಿಮಿನಾಶಕ ಮಾತ್ರೆಗಳು, ಒಂದು ಮುಚ್ಚಳದ ಡಬ್ಬಿ ಮತ್ತು ಬ್ರಷ್ ಒಯ್ಯಿರಿ. ಹಾಲು ಬುಫೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ಅದರ ರುಚಿ ನಮ್ಮ ಎಮ್ಮೆಹಾಲಿನದಲ್ಲ. ಮನೆಯಲ್ಲಿದ್ದಾಗಲೇ ಒಂದು ವಾರ ಡಬ್ಬಿ ಹಾಲಿನ ರೂಢಿ ಮಾಡಿಸಿ ನೋಡಿ. ಕೋಣೆಯ ಚಿಕ್ಕ ಫ್ರಿಜ್ ಎಷ್ಟೋ ಸಲ ಬರೀ ತಂಪಾಗಿರುತ್ತದೆ, ಹಾಲು ಕೆಡದಷ್ಟು ತಣ್ಣಗಿರುವುದಿಲ್ಲ.

ಎತ್ತರದ ಕುರ್ಚಿ, ತೊಟ್ಟಿಲು ಸಿಗುತ್ತವೆಯೇ?

ಸಿಗುತ್ತವೆ, ಹಣವಿಲ್ಲದೆ. ತೊಟ್ಟಿಲುಗಳ ಸಂಖ್ಯೆ ಸೀಮಿತವಾದ್ದರಿಂದ ಮುಂಚೆಯೇ ಹೇಳಿರಬೇಕು.

ಬುಫೆಯಲ್ಲಿ ಕೂಸು ಎಲ್ಲವನ್ನೂ ಮುಟ್ಟುತ್ತದೆ. ಹೊಟ್ಟೆ ಕೆಡುವ ಭಯವಿಲ್ಲವೇ?

ಭಯ ಇದೆ. ಹಡಗುಗಳಲ್ಲಿ ಬೇಗ ಹರಡುವ ವಾಂತಿಭೇದಿಯ ಮುಖ್ಯ ಕಾರಣ ನೊರೊವೈರಸ್. ಬುಫೆಯ ಬಾಗಿಲಲ್ಲಿ ಹಾಕಿಕೊಡುವ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ; ಸೋಪು ಹಚ್ಚಿ ನೀರಿನಲ್ಲಿ ಉಜ್ಜಿ ತೊಳೆಯುವುದೇ ದಾರಿ. ಮಗುವನ್ನು ಬುಫೆಯ ಸಾಲಿನಲ್ಲಿ ನಿಲ್ಲಿಸಬೇಡಿ. ಒಬ್ಬರು ಮೇಜಿನ ಬಳಿ ಹಿಡಿದು ಕೂಡಿ, ಇನ್ನೊಬ್ಬರು ಬಡಿಸಿಕೊಂಡು ಬನ್ನಿ. ನೆಲಕ್ಕೆ ಬಿದ್ದ ಚಮಚಕ್ಕೆ ಹೊಸ ಚಮಚ ಕೇಳಲು ಸಂಕೋಚ ಬೇಡ. ಮಗುವಿಗೆ ವಾಂತಿಯೋ ಭೇದಿಯೋ ಶುರುವಾದರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಬೇಕು. ಆಗ ಕ್ಲಬ್ಬು ಮತ್ತು ನರ್ಸರಿ ಬಂದ್, ಕೋಣೆಯಲ್ಲೇ ಇರಬೇಕು ಎನ್ನುತ್ತಾರೆ. ಹಣ ಕೊಟ್ಟ ರಜೆ ಹಾಳಾಯಿತೆಂಬ ಸಿಟ್ಟು ಬಂದರೂ ಅವರ ಮಾತು ಕೇಳಿ. ಮನೆಯಿಂದ ಓಆರ್‌ಎಸ್ ಪೊಟ್ಟಣ ಒಯ್ದಿರಿ.

ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಇಳಿಸಬಹುದೇ?

ಈಜುವ ಡೈಪರ್ ಹಾಕಿದ್ದರೂ ಬಹಳಷ್ಟು ಹಡಗುಗಳ ಕೊಳಗಳಲ್ಲಿ ಬಿಡುವುದಿಲ್ಲ. ಕೆಲವು ಹಡಗುಗಳಲ್ಲಿ ಶಿಶುಗಳಿಗೆಂದೇ ನೀರು ಚಿಮ್ಮುವ ಪ್ರತ್ಯೇಕ ಜಾಗವಿರುತ್ತದೆ.

ಹಡಗು ಅಲುಗಾಡಿದರೆ ಮಗು ಉಣ್ಣುತ್ತದೆಯೇ?

ಎರಡು ವರ್ಷದೊಳಗಿನವರಿಗೆ ಸಮುದ್ರದ ತಲೆಸುತ್ತು ಕಡಿಮೆ. ನಮ್ಮ ಮನೆಯಲ್ಲಿ ಮಲಗಿದ್ದು ದೊಡ್ಡವರೇ. ಮಗಳು ಅವರ ಹೊಟ್ಟೆಯ ಮೇಲೆ ಕುಳಿತು ಬಿಸ್ಕಿಟ್ ತಿನ್ನುತ್ತಿದ್ದಳು. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಸಾಹಸ ಬೇಡ. ನಿಮ್ಮ ಮಕ್ಕಳ ವೈದ್ಯರನ್ನು ಮೊದಲೇ ಕೇಳಿ, ಮಗುವಿನ ತೂಕಕ್ಕೆ ತಕ್ಕ ಔಷಧಿ ಬರೆಯಿಸಿಕೊಳ್ಳಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಉಗ್ರವಾಗಿರುತ್ತದೆ; ಸಣ್ಣ ಮಗುವಿದ್ದವರಿಗೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು.

ಮಗು ಕ್ಲಬ್ಬಿನಲ್ಲಿರುವಾಗ ಅಪಾಯದ ಗಂಟೆ ಬಾರಿಸಿದರೆ?

ನೀವು ಕ್ಲಬ್ಬಿನ ಕಡೆಗೆ ಓಡಬೇಕೋ ಅಥವಾ ಸಿಬ್ಬಂದಿಯೇ ಮಗುವನ್ನು ಅಪಾಯದ ಹೊತ್ತಿನಲ್ಲಿ ನೀವು ಸೇರಬೇಕಾದ ಸ್ಥಳಕ್ಕೆ ತರುತ್ತಾರೋ ಎಂಬುದನ್ನು ನೋಂದಣಿಯ ಹೊತ್ತಿನಲ್ಲಿಯೇ ಕೇಳಿ ತಿಳಿದುಕೊಳ್ಳಿ. ಅನೇಕ ಹಡಗುಗಳಲ್ಲಿ ಮಗುವಿನ ಮುಂಗೈಗೆ ಆ ಸ್ಥಳದ ಸಂಖ್ಯೆಯಿರುವ ಪಟ್ಟಿಯನ್ನು ಕಟ್ಟುತ್ತಾರೆ. ಅದನ್ನು ಯಾನ ಮುಗಿಯುವವರೆಗೆ ಬಿಚ್ಚಬಾರದು. ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ಪ್ರಕಾರ 24 ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಯಾನಗಳಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ತಕ್ಕ ಅಳತೆಯ ಜೀವರಕ್ಷಕ ಅಂಗಿ ಇರಲೇಬೇಕು. ಅದು ಎಲ್ಲಿದೆಯೆಂದು ಮೊದಲ ಸಂಜೆಯೇ ಕೋಣೆಯ ಸೇವಕರನ್ನು ಕೇಳಿ, ಒಂದು ಸಲ ತೊಡಿಸಿ ನೋಡಿ.

ಹತ್ತುವ ದಿನ ಮತ್ತು ಇಳಿಯುವ ದಿನ ಮಗುವಿನ ಊಟ ಹೇಗೆ?

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಪ್ಪಿಸಬೇಕು, ಅವು ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಆದ್ದರಿಂದ ನಾಲ್ಕಾರು ಡೈಪರ್, ಎರಡು ಜೊತೆ ಬಟ್ಟೆ, ಒಂದು ಹೊತ್ತಿನ ಆಹಾರ ಮತ್ತು ಎಲ್ಲ ಔಷಧಿಗಳು ಕೈಚೀಲದಲ್ಲೇ ಇರಬೇಕು. ಇಳಿಯುವ ದಿನ ಕ್ಲಬ್ಬು, ನರ್ಸರಿ ಯಾವುದೂ ತೆರೆದಿರುವುದಿಲ್ಲ. ಬೆಳಿಗ್ಗೆ ಬೇಗನೆ ಕೋಣೆ ಬಿಟ್ಟುಕೊಡಬೇಕು, ಬುಫೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ರಾತ್ರಿಯೇ ಥರ್ಮಾಸಿನಲ್ಲಿ ಬಿಸಿನೀರು ತುಂಬಿಸಿಟ್ಟು, ಕೋಣೆಯಲ್ಲೇ ಗಂಜಿ ಕಲಸಿ ಮಗುವಿಗೆ ಉಣ್ಣಿಸಿ ಹೊರಬೀಳುವುದು ಮೇಲು. ಮುಂಬೈಯ ಬಲ್ಲಾರ್ಡ್ ಪಿಯರಿನಲ್ಲಿ ಇಳಿಯುವವರಿಗೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿದೆ. ಸೊಲ್ಲಾಪುರದ ಮೇಲೆ ವಿಜಯಪುರ, ಬಾಗಲಕೋಟೆಗೆ ಬರುವ ರೈಲು ಅಲ್ಲಿಂದ ಹೊರಡುವುದು ರಾತ್ರಿ. ಇಡೀ ಹಗಲು ನಿಲ್ದಾಣದಲ್ಲಿ ಕಳೆಯುವ ಬದಲು ಹತ್ತಿರದಲ್ಲಿ ಅರ್ಧ ದಿನಕ್ಕೆ ಒಂದು ಕೋಣೆ ಹಿಡಿಯಿರಿ. ಮಗುವಿನ ಮಧ್ಯಾಹ್ನದ ನಿದ್ದೆಯೊಂದು ತಪ್ಪದಿದ್ದರೆ ರಾತ್ರಿಯ ರೈಲಿನಲ್ಲಿ ಅಕ್ಕಪಕ್ಕದ ಬರ್ತಿನವರೂ ನಿದ್ದೆ ಮಾಡಬಹುದು.